ಕಿಟಕಿಯಷ್ಟೇ ಉದ್ದದ ಪರದೆ

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕಣ್ಣಾಮುಚ್ಚಾಲೆ ಆಡುವಾಗಲೆಲ್ಲ ನಮ್ಮ ಮಗಳು ಹಾಲ್‌ನ ಪರದೆಯ ಹಿಂದೆಯೇ ನಿಲ್ಲುತ್ತಿದ್ದಳು. ಕೆಳಗೆ ಕಾಲ್ಬೆರಳು ಕಾಣುತ್ತಿದ್ದರೂ ನಾವು ಮನೆಯೆಲ್ಲ ಹುಡುಕುವ ನಾಟಕ ಮಾಡುತ್ತಿದ್ದೆವು. ಅವಳು ಜ್ವರದಲ್ಲಿ ಹೋದಮೇಲೆ, ನೆಲ ಮುಟ್ಟುವ ಆ ಪರದೆಯನ್ನು ನೋಡಲಾರದೆ ಕಿತ್ತುಹಾಕಿದೆ.

ಹೊಸದಕ್ಕೆ ದಪ್ಪನೆಯ ಬೂದು ಬಟ್ಟೆ ಆರಿಸಿ ಟೈಲರ್‌ಗೆ ಹೇಳಿದೆ: "ಕಿಟಕಿ ಮುಚ್ಚಿದ್ರೆ ಸಾಕು. ಹಿಂದೆ ಯಾರೂ ನಿಲ್ಲೋ ಹಾಗಿರಬಾರದು."

ಅವರು ನನ್ನ ಮುಖ ನೋಡಿದರು. "ಆಯ್ತಮ್ಮ. ಒಗೆದ್ರೆ ಕುಗ್ಗುತ್ತೆ, ಅದಕ್ಕೆ ಕೆಳಗೆ ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿದಿರ್ತೀನಿ. ಬೇಕಾದಾಗ ಬಿಚ್ಕೊಳ್ಳಿ."

ತೂಗುಹಾಕಿದ ಮರುದಿನವೇ ಮಡಿಕೆ ಬಿಚ್ಚಿತ್ತು. ದಾರ ಕಿಟಕಿಕಟ್ಟೆಯ ಮೇಲೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಕೂತಿತ್ತು. ಮತ್ತೆ ಹೊಲಿದೆ, ಸಂಜೆಯೊಳಗೆ ಮತ್ತೆ ಬಿಚ್ಚಿತು. ಬಿಚ್ಚಿದಾಗಲೆಲ್ಲ ಪರದೆ ಇನ್ನಷ್ಟು ಕೆಳಗಿಳಿಯುತ್ತಿತ್ತು.

ಟೈಲರ್‌ರನ್ನು ಕರೆಸಿದೆ. ಅವರು ಟೇಪು ಹಿಡಿದು ನೋಡಿ, ಅದನ್ನು ಸುತ್ತಿ ಜೇಬಿಗಿಟ್ಟುಕೊಂಡರು. "ಇಷ್ಟು ಬಟ್ಟೆ ನಾನು ಕೊಟ್ಟೇ ಇಲ್ಲಮ್ಮ."

ಈಗ ಪರದೆ ನೆಲ ಮುಟ್ಟುತ್ತದೆ. ಕಿಟಕಿ ಮುಚ್ಚಿದ್ದರೂ ನನ್ನ ಸೊಂಟದೆತ್ತರಕ್ಕೆ ಬಟ್ಟೆ ಉಬ್ಬಿ ನಿಂತಿದೆ. ಅಂಗೈ ಇಟ್ಟರೆ ಸುಡುತ್ತದೆ.

"ಒಂದ್ಸಲ ಸರಿಸಿ ನೋಡ್ಬಿಡು," ಅಂತಾರೆ ನಮ್ಮನೆಯವರು. ತಾವು ಮಾತ್ರ ಆ ಕಡೆ ಹೋಗುವುದಿಲ್ಲ.

ಸರಿಸಿದ ಮೇಲೆ ಅಲ್ಲಿ ಯಾರೂ ಇಲ್ಲದೆ ಹೋದರೆ ನಾನೇನು ಮಾಡಲಿ? ಅದಕ್ಕೇ ದಿನಾ ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಬೀರುವಿನ ಹಿಂದೆ ಎಲ್ಲ ಹುಡುಕುತ್ತೇನೆ. ಆಮೇಲೆ ಬಂದು ಪರದೆಯ ಮೇಲೆ ಅಂಗೈ ಇಡುತ್ತೇನೆ.

ಜ್ವರ ಇನ್ನೂ ಇಳಿದಿಲ್ಲ.