ಪಿಚರ್‌ನ ಕಿರುಬೆರಳು

ಮೇಜಿನ ಕೆಳಗೆ ಅವಳು ತನ್ನ ಕಿರುಬೆರಳನ್ನು ಅವನ ಬಲಗೈಯ ಕಿರುಬೆರಳಿಗೆ ಮೆಲ್ಲಗೆ ಸಿಕ್ಕಿಸಿದಳು. ಎಷ್ಟೋ ದಿನದಿಂದ ಕೂಡಿಟ್ಟ ಧೈರ್ಯವೆಲ್ಲ ಅಷ್ಟಕ್ಕೇ ಖರ್ಚಾಗಿತ್ತು. ಅವನು ಮಾತ್ರ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲಿಲ್ಲ.

ಬೇಸ್‌ಬಾಲ್ ತಂಡದ ಪಿಚರ್ ಅವನು. ಚೆಂಡೆಸೆಯುವ ಅವನ ಮೈಯನ್ನು ಕ್ಯಾಮೆರಾಗಳಲ್ಲಿ ಹಿಡಿದು ಅಳೆಯುವುದು ಈ ಲ್ಯಾಬಿನಲ್ಲಿ ಅವಳ ಕೆಲಸ. ಭುಜಕ್ಕೆ, ಮೊಣಕೈಗೆ ಹೊಳೆಯುವ ಗುಂಡಿಗಳನ್ನು ಅಂಟಿಸುವಾಗಲೆಲ್ಲ "ಡಾಕ್ಟ್ರಮ್ಮಾ, ಕಚಗುಳಿ!" ಎಂದು ಅವಳ ಕಿವಿ ಕೆಂಪಾಗಿಸುತ್ತಿದ್ದವನು ಈಗ ಕಲ್ಲಾಗಿ ಕೂತಿದ್ದ. ಇಂಗು ತಿಂದ ಮಂಗನಂತಾಯಿತು ಅವಳ ಮುಖ. ಸದ್ಯ, ತಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಬೆರಳು ಬಿಡಿಸಿಕೊಂಡಳು.

"ಎಸೆತ ಚೆನ್ನಾಗಿದೆ ತಾನೆ? ನಾಳೆ ಫೈನಲ್ಲು," ಎಂದ.

ಅವಳು ವಿಡಿಯೋ ನಿಧಾನಿಸಿದಳು. ಮುಂಗಾಲು ನೆಲಕ್ಕೂರುವ ಹೊತ್ತಿಗೆ ಮೊಣಕೈ ಭುಜದ ಮಟ್ಟಕ್ಕೆ ಬಂದಿರಬೇಕಿತ್ತು. ಅವನದು ಕೆಳಗೇ ಜೋತಿತ್ತು. ಮೈ ಮುಂದಕ್ಕೆ ತಿರುಗಿದರೂ ಕೈ ಹಿಂದೆಯೇ ಉಳಿದು, ಎಳೆತವೆಲ್ಲ ಮೊಣಕೈಯ ಒಳಬದಿಯಲ್ಲಿ ಮೂಳೆಗಳನ್ನು ಬಿಗಿದಿಡುವ ಸಣ್ಣ ಪಟ್ಟಿಯೊಂದರ ಮೇಲೆ ಬೀಳುತ್ತಿತ್ತು. ಹಳೆಯ ಹಗ್ಗದ ಹಾಗೆ ಅದು ಎಳೆ ಎಳೆಯಾಗಿ ಹರಿಯುತ್ತದೆ. ಪಕ್ಕದ ನರಕ್ಕೂ ಪೆಟ್ಟಾದರೆ ಮರಗಟ್ಟುವುದು ಕಿರುಬೆರಳು.

ಅವಳು ಮೇಜಿನ ಕೆಳಗಿದ್ದ ಅವನ ಬಲಗೈಯನ್ನು ಎಳೆದು ಮೇಲಿಟ್ಟಳು.

"ಕಣ್ಣು ಮುಚ್ಕೋ," ಎಂದು ಪೆನ್ನಿನ ತುದಿಯನ್ನು ಅವನ ಕಿರುಬೆರಳಿಗೆ ಒತ್ತಿದಳು. "ಎಲ್ಲಿ ಮುಟ್ಟಿದೆ, ಹೇಳು."

"ಇನ್ನೂ ಮುಟ್ಟೇ ಇಲ್ವಲ್ಲ, ಡಾಕ್ಟ್ರಮ್ಮಾ!"

ಚರ್ಮದಲ್ಲಿ ಶಾಯಿಯ ಗುಳಿ ಬಿದ್ದಿತ್ತು. ಕಣ್ಣು ತೆರೆದು ಅದನ್ನು ಕಂಡವನ ನಗು ಆರಿಹೋಯಿತು.

"ಯಾವಾಗಿಂದ ಹೀಗೆ?"

"ನಾಳೆ ಒಂದು ಮುಗೀಲಿ. ಆಮೇಲೆ ನೀ ಹೇಳಿದ ಹಾಗೆ ಕೇಳ್ತೀನಿ. ಕೋಚ್‌ಗೆ ಹೇಳಿದ್ರೆ ಮಾತ್ರ ಮತ್ತೆ ನನ್ನ ಮುಖ ನೋಡ್ಬೇಡ."

"ನೋಡ್ದೆ ಇರೋಕೆ ನನ್ನಿಂದಾಗಲ್ಲ. ಅಷ್ಟು ಪ್ರೀತಿ ನಿನ್ಮೇಲೆ." ಅವಳು ಫೋನ್ ಎತ್ತಿಕೊಂಡಳು. "ಆದ್ರೂ ಹೇಳ್ತೀನಿ."

ಅವನೆದುರೇ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿದಳು.

ಕೋಚ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಗೊತ್ತಮ್ಮಾ, ಹೋದ ತಿಂಗಳೇ ನೋಡ್ದೆ. ಆ ಕೈ ನಾಳೆಗೊಂದು ಬಾಳಿಕೆ ಬಂದ್ರೆ ಸಾಕು. ಮುಂದಿನ ಸೀಸನ್‌ಗೆ ಬೇರೊಬ್ಬ ರೆಡಿ ಇದ್ದಾನೆ. ಇವನಿಗೇನೂ ಹೇಳೋಕೆ ಹೋಗ್ಬೇಡ."

ಲೈನ್ ಕಟ್ಟಾಯಿತು. ಅಪ್ಪನಿಗಿಂತ ಹೆಚ್ಚೆಂದು ಅವನು ನಂಬಿದ್ದ ದನಿ ಅದು. ಅವಳಿಗೆ ಅವನನ್ನು ಮುಟ್ಟಲೂ ಹೆದರಿಕೆಯಾಯಿತು.

ಅವನು ಎಡಗೈಯಿಂದ ಕಾರಿನ ಕೀ ತೆಗೆದು ಅವಳ ಮುಂದಿಟ್ಟ.

"ಬರುವಾಗ ಸ್ಟಿಯರಿಂಗ್ ಕೈಯಿಂದ ಜಾರ್ತು," ಎಂದ. "ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗು. ಒಳಗೂ ಬಾ. ಒಬ್ನೇ ಹೋಗೋಕೆ ನಂಗೆ ಭಯ."