ಇಪ್ಪತ್ತಾರೂವರೆ ಓಮ್

"ಇದು ಎರಡು ಸಾವಿರ ವ್ಯಾಟಿನ ಹೀಟರಾ?"

ಮೀಟರ್ ಹಿಡಿದ ಮಾನಸ ಕೇಳಿದ ಕೂಡಲೇ ಅವಳ ಮನೆಯವರ ಹುಳುಮನೆಯ ಬಾಗಿಲಲ್ಲಿದ್ದವರೆಲ್ಲ ಹೀಟರ್ ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಗಂಗರಾಜುವಿನ ಕಡೆ ತಿರುಗಿದರು. ರೇಷ್ಮೆ ಹುಳು ಇರುವ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ. ಹಾಗಾಗಿ ಹೊಂಗನೂರಿನಲ್ಲಿ ಬಾಗಿಲೇ ಸಭೆ.

"ವೋಲ್ಟೇಜ್ ನೂರಾ ಎಪ್ಪತ್ತು, ಕರೆಂಟು ಆರು ಪಾಯಿಂಟ್ ನಾಲ್ಕು. ಗುಣಿಸಿದ್ರೆ ಸಾವಿರದ ಎಂಬತ್ತೆಂಟು ವ್ಯಾಟ್. ಅರ್ಧ ಹೀಟರ್ ಕೊಟ್ಟು ಪೂರ್ತಿದು ಅಂದ್ಬಿಟ್ರಾ?"

ಅವಳು ಬಿಎಸ್ಸಿ ಫಿಸಿಕ್ಸ್. ಗುಣಾಕಾರ ಸರಿಯಾಗಿಯೇ ಇತ್ತು.

ಗಂಗರಾಜುವಿನ ಕಿವಿ ಕೆಂಪಾಯಿತು. "ಬೆಳಗ್ಗೆ ಬಂದು ಬಿಚ್ಕಂಡ್ ಹೋಯ್ತೀನಿ," ಎಂದಷ್ಟೇ ಹೇಳಿ ಹೊರಟ.

ಹುಳು ಬರುವ ಮೊದಲು ವಾರವಿಡೀ ವೈರಿಂಗ್ ಮಾಡಿದವನು ಒಮ್ಮೆಯೂ ತಲೆಯೆತ್ತಿ ಅವಳನ್ನು ನೋಡಿರಲಿಲ್ಲ. ನೋಡಲಿ ಎಂದೇ ಮಾನಸ ಮೀಟರ್ ಹಿಡಿದದ್ದು. ಈಗ ನೋಡಿದ್ದ... ಆದರೆ ಆ ನೋಟ ಅವಳಿಗೆ ಬೇಕಾಗಿದ್ದದ್ದಲ್ಲ.

ಬೆಳಗ್ಗೆ ಅವನು ಬರುವ ಮೊದಲು ಇನ್ನೊಮ್ಮೆ ಅಳೆದಳು. ವೋಲ್ಟೇಜ್ ಇನ್ನೂರ ಇಪ್ಪತ್ತೆಂಟು, ಕರೆಂಟು ಎಂಟು ಪಾಯಿಂಟ್ ಆರು. ಗುಣಿಸಿದರೆ ಎರಡು ಸಾವಿರಕ್ಕೆ ಸ್ವಲ್ಪವೇ ಕಡಿಮೆ.

ಅಯ್ಯೋ... ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ನೋಡಿದಳು. ನಿನ್ನೆ ಸಂಜೆಯೂ ಇಪ್ಪತ್ತಾರೂವರೆ ಓಮ್, ಇವತ್ತೂ ಅಷ್ಟೇ. ಹೀಟರಿನ ಕಾಯ್ಲು ಸರಿಯಾಗೇ ಇದೆ, ಬದಲಾದದ್ದು ಲೈನಿನ ವೋಲ್ಟೇಜು.

ಊರಿಗೆಲ್ಲ ಹುಳು ಬರುವುದು ಒಂದೇ ಕೇಂದ್ರದಿಂದ, ಒಂದೇ ದಿನ. ಎಲ್ಲರ ಮನೆಯ ಹುಳುವೂ ಒಟ್ಟಿಗೇ ಪೊರೆ ಬಿಡಲು ಮಲಗುತ್ತದೆ. ಮಲಗಿದ ಹುಳುವಿಗೆ ತಂಪು ತಾಗಬಾರದು; ಸಂಜೆ ತಂಪಾದೊಡನೆ ಎಲ್ಲ ಮನೆಯ ಹೀಟರೂ ಒಟ್ಟಿಗೇ ಉರಿಯುತ್ತದೆ. ಕಂಬದ ವೋಲ್ಟೇಜು ಕುಸಿಯದೆ ಇನ್ನೇನಾಗುತ್ತದೆ? ರೇಷ್ಮೆ ಮನೆಯಲ್ಲೇ ಹುಟ್ಟಿದವಳಿಗೆ ನಿನ್ನೆ ಇದು ಹೊಳೆದಿರಲಿಲ್ಲ.

ಡೇರಿಗೆ ಹಾಲು ಹಾಕಿ ಬಂದ ಅವ್ವ ಪುಟ್ಟಲಕ್ಷ್ಮಮ್ಮ ಅಂದಳು: "ಇನ್ನೂ ಮೂರು ಮನೆಯೋರು ಡೇರಿ ತಾವ ಆ ಹೈದನ ಹೀಟರ್ ವಾಪಸ್ ಕೊಟ್ಟವ್ರೆ. ಇನ್ನು ಈ ಊರಲ್ಲಿ ಅವ್ನ ಕೈಲಿ ಯಾರು ಕೆಲ್ಸ ಮಾಡಿಸ್ತಾರೆ? ನಿನ್ ಮಾತು ಅಂದ್ರೆ ಮಾತು, ಬುಡು."

ಮಾನಸಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಚಪ್ಪಲಿಯನ್ನೂ ಮೆಟ್ಟದೆ ಡೇರಿಗೆ ಓಡಿದಳು.

ಗಂಗರಾಜು ಹೀಟರುಗಳನ್ನು ಬೈಕಿಗೆ ಕಟ್ಟುತ್ತಿದ್ದ. ಕ್ಯಾನು ಹಿಡಿದ ಅರ್ಧ ಊರು ಅಲ್ಲೇ ಇತ್ತು.

"ತಪ್ಪು ನಂದು," ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ: "ಹೀಟರ್ ಸರಿಯಾಗೇ ಐತೆ. ಸಂಜೆ ವೋಲ್ಟೇಜ್ ಇರಲಿಲ್ಲ, ನಾನು ಅದನ್ನ ಯೋಚಿಸ್ಲಿಲ್ಲ. ಇವರು ಯಾರಿಗೂ ಮೋಸ ಮಾಡಿಲ್ಲ."

"ಒಸಿ ಮೊದ್ಲೇ ಹೇಳಿದ್ರೆ ನಾನು ಬಿಚ್ತಿರಲಿಲ್ವಲ್ಲವ್ವ," ಎಂದ ಹೀಟರ್ ವಾಪಸ್ ಕೊಟ್ಟಿದ್ದ ಒಬ್ಬ ಮುದುಕ.

ಅವಳು ತಲೆ ತಗ್ಗಿಸಿಕೊಂಡೇ ಗಂಗರಾಜುವನ್ನು ಕೇಳಿದಳು: "ನಿನ್ನೆ ಯಾಕೆ ಸುಮ್ನಿದ್ರಿ?"

"ನೀವು ಹೇಳಿದ್ದು ಸರಿ ಅನ್ಕಂಡೆ," ಎಂದ ಗಂಗರಾಜು. "ನಾನೇ ತಪ್ಪು ಕಾಯ್ಲ್ ಹಾಕ್ಬುಟ್ನೇನೋ ಅಂತ. ಬೇರೆ ಯಾರಾದ್ರೂ ಅಂದಿದ್ರೆ ಜಗಳ ಆಡ್ತಿದ್ದೆ. ನಿಮ್ ಮುಂದೆ ಹಂಗಾಯ್ತಲ್ಲ ಅಂತ... ಬಾಯೇ ಬರ್ನಿಲ್ಲ."

ಮಾನಸ ನಿಧಾನವಾಗಿ ಮುಖವೆತ್ತಿದಳು.

"ಇನ್ನೊಂದು ಹೇಳೋದಿತ್ತು. ಇವರೆಲ್ಲರ ಮುಂದೆ ಹೇಳಕ್ಕಾಗಲ್ಲ," ಎಂದಳು.

ಅವನು ಸುತ್ತ ನೋಡಿದ. ಹಾಲು ಹಾಕಿ ಮುಗಿದವರೂ ಕದಲಲಿಲ್ಲ.

"ಬೈಕ್ ಹತ್ತಿ. ಮೂರು ಮನೆಗೆ ಹೀಟರ್ ತಿರ್ಗಾ ಕಟ್ಬೇಕು. ದಾರೀಲಿ ಹೇಳಿ."

"ಅಷ್ಟು ದಾರಿ ಸಾಲಲ್ಲ."

"ಹಂಗಾದ್ರೆ ಕೆರೆ ಸುತ್ಕಂಡು ಹೋಗವಾ," ಎಂದ, ಅವಳನ್ನೇ ನೋಡುತ್ತ.