ವಠಾರದ ಗೋಡೆಗೆ ಅಂಟಿದ ನೋಟೀಸು

"ನನ್ನ ಗೋಡೆ ಮೇಲೆ ನನಗೇ ಗೊತ್ತಿಲ್ದಂಗೆ ನೋಟೀಸು ಅಂಟಿಸವ್ರೆ ಅಂದ್ರೆ, ನಾಳೆ ನನ್ನ ಹಣೆ ಮೇಲೂ ಅಂಟಿಸ್ತಾರೆ ಕಣ್ರೀ!"

ನಂಜೇಶ್ ಕಾಗದವನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ಸಬ್ ಇನ್ಸ್‌ಪೆಕ್ಟರ್ ರಂಜಿನಿಯವರ ಲೋಟದ ಚಹಾ ತುಳುಕಿತು. 2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 10.20. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅರೆಕೊಪ್ಪಲು ಪುಟ್ಟ ಪಟ್ಟಣ. ಅಲ್ಲಿ ಗೊಬ್ಬರದಂಗಡಿ ನಂಜೇಶ್ ಎಂದರೆ ಗೊತ್ತಿಲ್ಲದವರಿಲ್ಲ. ಬಸ್ ನಿಲ್ದಾಣದ ಹಿಂದಿರುವ ಹದಿನಾಲ್ಕು ಮನೆಗಳ ವಠಾರ ಅವರದೇ. ಬಾಡಿಗೆಗಿರುವವರೆಲ್ಲ ನಂಜನಗೂಡಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವವರು.

ರಂಜಿನಿ ನೋಟೀಸು ಓದಿದರು. "ಸದರಿ ವಠಾರದ ಗೋಡೆಗಳಲ್ಲಿ ವಿದ್ಯುತ್ ಹರಿಯುತ್ತಿದ್ದು, ಮನುಷ್ಯರ ವಾಸಕ್ಕೆ ಯೋಗ್ಯವಾಗಿರುವುದಿಲ್ಲ. ಮಾಲೀಕರು ಏಳು ದಿನಗಳೊಳಗೆ ವೈರಿಂಗ್ ಬದಲಿಸತಕ್ಕದ್ದು. ಬಾಡಿಗೆದಾರರನ್ನು ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ." ಕೆಳಗೆ ಪಟ್ಟಣ ಪಂಚಾಯಿತಿಯ ದುಂಡು ಮುದ್ರೆ, ನೇರಳೆ ಬಣ್ಣದ್ದು.

"ಪಂಚಾಯಿತಿಯವರನ್ನ ಕೇಳಿದ್ರಾ?"

"ಕೇಳ್ದೆ. ನಾವು ಇಂಥದ್ದು ಕಳಿಸೇ ಇಲ್ಲ ಅಂದ್ರು ಮುಖ್ಯಾಧಿಕಾರಿಗಳು. ಹದಿನಾಲ್ಕು ಬಾಗಿಲ ಪಕ್ಕದಲ್ಲೂ ಒಂದೊಂದು ಮೆತ್ತವ್ರೆ."

"ಗೋಡೇಲಿ ಕರೆಂಟ್ ಬರೋದು ನಿಜವಾ?"

"ಅದು ಬೇರೆ ವಿಷ್ಯ ಮೇಡಂ. ನಾನು ಬಂದಿರೋದು ನೋಟೀಸಿನ ವಿಷ್ಯಕ್ಕೆ."

ನಕಲಿ ದಾಖಲೆ, ನಕಲಿ ಮುದ್ರೆ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.05ಕ್ಕೆ ಸ್ಥಳ ಪಂಚನಾಮೆ. ಜೊತೆಗೆ ಇಬ್ಬರು ಪಂಚರು, ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಲು ಪೇದೆ ಮುತ್ತಮ್ಮ, ಮತ್ತೆ ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದು. ಚಿಕ್ಕಮಾದು ಮೊದಲನೇ ನೋಟೀಸಿನ ಅಂಚನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

"ರಾಗಿ ಗಂಜಿ ಮೇಡಂ. ಇದು ಸರ್ಕಾರದೋರ ಕೆಲ್ಸ ಅಲ್ಲ ಬುಡಿ. ಸರ್ಕಾರದ ಗೋಂದು ಮಧ್ಯಾಹ್ನದ ಊಟದವರ್ಗೂ ನಿಲ್ಲಾಕಿಲ್ಲ."

ಒಂಬತ್ತನೇ ಮನೆಯ ಹೊಸ್ತಿಲಲ್ಲಿ ರಂಜಿನಿ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಯಾರದೇ ಮನೆಯಾಗಲಿ, ಒಳಗೆ ಕಾಲಿಡುವ ಮುನ್ನ ಬೂಟು ಬಿಡುವುದು ಅವರ ರೂಢಿ.

"ಬೂಟ್ ಬುಡಬ್ಯಾಡಿ ಮೇಡಮ್ಮ. ಆಕ್ಕಂಡೇ ಬನ್ನಿ."

ಹೇಳಿದಾಕೆ ಚಿನ್ನಮ್ಮ. ಐವತ್ತು ದಾಟಿದ ಹೆಂಗಸು, ಹೆಮ್ಮರಗಾಲದ ಕಡೆಯವಳು, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಪಾಳಿಯ ಅಡುಗೆಯಾಕೆ. ಒಂದೇ ಕೋಣೆಯ ಮನೆ. ಮೂಲೆಯಲ್ಲಿ ದೇವರ ಪಟ, ಉರಿಯುತ್ತಿದ್ದ ದೀಪ. ದೀಪದ ಮುಂದೆ ನಿಂತಿದ್ದ ಚಿನ್ನಮ್ಮನ ಕಾಲಲ್ಲಿ ನೀಲಿ ರಬ್ಬರ್ ಚಪ್ಪಲಿ.

ಹೊಸ್ತಿಲಲ್ಲೇ ಬೂಟು ಬಿಟ್ಟು ಬಂದಿದ್ದ ಚಿಕ್ಕಮಾದುಗೆ ತಡೆಯಲಾಗಲಿಲ್ಲ. "ಏನಮ್ಮ, ದೇವ್ರ ಮುಂದೆ ಚಪ್ಪಲೀನಾ?"

"ದೇವ್ರಿಗೆ ಗೊತ್ತದೆ ಬುಡಿ ಸಾ. ಕರೆಂಟ್‌ಗೆ ಗೊತ್ತಿಲ್ವಲ್ಲ."

"ಸುಮ್ಕಿರಮ್ಮ, ಅಂಥದ್ದೇನಿದ್ದಾತು?" ಎನ್ನುತ್ತ ಚಿಕ್ಕಮಾದು ಅಂಗೈಯನ್ನು ಗೋಡೆಗೆ ಒತ್ತಿಯೇ ಬಿಟ್ಟರು. "ಅಯ್ಯಯ್ಯಪ್ಪೋ!" ಎಂದು ಹಿಂದಕ್ಕೆ ಹಾರಿದ ಹೊಡೆತಕ್ಕೆ ತಲೆ ಮೇಲಿನ ಟೋಪಿ ಅಂಗಳದಲ್ಲಿತ್ತು. ವಠಾರವೆಲ್ಲ ಗೊಳ್ಳೆಂದು ನಕ್ಕಿತು. ಯಾರಿಗೂ ಆಶ್ಚರ್ಯವಾದಂತಿರಲಿಲ್ಲ. ಅಲ್ಲಿ ನಿಂತಿದ್ದ ದೊಡ್ಡವರು, ಚಿಕ್ಕವರು ಎಲ್ಲರ ಕಾಲಲ್ಲೂ ರಬ್ಬರ್ ಚಪ್ಪಲಿಯಿರುವುದನ್ನು ರಂಜಿನಿ ಆಗ ಗಮನಿಸಿದರು.

"ಇದೂ ವಿಡಿಯೋ ಆಯ್ತಾ ಮುತ್ತಮ್ಮ?"

"ಚೆನ್ನಾಗಿ ಬಂದದೆ ಮೇಡಂ."

ನಂಜೇಶ್ ಮುಂದೆ ಬಂದರು. "ನೋಟೀಸಿನ ಪಂಚನಾಮೆಗೂ ನನ್ನ ಗೋಡೆಗೂ ಏನ್ರೀ ಸಂಬಂಧ?"

"ನೋಟೀಸು ಅಂಟಿರೋದು ಗೋಡೆಗೆ ತಾನೇ ನಂಜೇಶ್ ಅವ್ರೇ? ಸ್ಥಳ ಹೇಗಿತ್ತು ಅಂತ ಬರೀದಿದ್ರೆ ಕೋರ್ಟಲ್ಲಿ ನನ್ನನ್ನ ಕೇಳ್ತಾರೆ."

ರಂಜಿನಿ ಬರೆದರು. ಹದಿನಾಲ್ಕು ಮನೆಗಳ ಹದಿನಾಲ್ಕು ಗೋಡೆ, ಒಂದನ್ನೂ ಬಿಡದೆ ಬರೆದರು. ಲೈನ್‌ಮನ್ ಕುಮಾರನನ್ನು ಕರೆಸಿದರು. ಬಚ್ಚಲ ಗೋಡೆಗೆ ತಾಕಿಸಿದೊಡನೆ ಟೆಸ್ಟರಿನ ದೀಪ ಹತ್ತಿಕೊಂಡಿತು. ಅವನು ಸೀದಾ ಕಂಬ ಹತ್ತಿ ವಠಾರದ ಲೈನ್ ಕಿತ್ತ. "ಹೊಸ ವೈರಿಂಗ್ ಆಗೋವರ್ಗೂ ಕನೆಕ್ಷನ್ ಕೊಡಾಕಾಗಲ್ಲ" ಎಂದು ಬರೆದೂ ಕೊಟ್ಟ. ಸಮಯ 1.40.

ಮರುದಿನ, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಪಟ್ಟಣ ಪಂಚಾಯಿತಿ. ಟಪಾಲು ಗುಮಾಸ್ತ ರಾಜೇಂದ್ರ ಕನ್ನಡಕ ಏರಿಸಿ ಮುದ್ರೆಯನ್ನು ಹತ್ತಿರ ಹಿಡಿದ.

"ಸೀಲು ನಮ್ಮದೇ ಮೇಡಂ. ಆದ್ರೆ ನೋಟೀಸಿಗೆ ಹಾಕೋದಲ್ಲ. ಜನ ಅರ್ಜಿ ಕೊಟ್ರೆ, ತಗೊಂಡಿದೀವಿ ಅಂತ ಅವರ ಪ್ರತಿ ಮೇಲೆ ಹಾಕಿ ಕೊಡ್ತೀವಲ್ಲ, ಆ ಸೀಲು. ಅದನ್ನ ಕತ್ತರಿಸಿ, ಅಂಟಿಸಿ, ಕಲರ್ ಜೆರಾಕ್ಸ್ ಮಾಡ್ಸವ್ರೆ. ನೋಡಿ, ಮಧ್ಯದಲ್ಲಿ ನನ್ನದೇ ಕೈಬರಹ. 1146."

"ಯಾರ ಅರ್ಜಿ ಅದು?"

ರಿಜಿಸ್ಟರು ತೆರೆಯಿತು. 1146, ದಿನಾಂಕ 19-8-2024, ಚಿನ್ನಮ್ಮ, ವಿಷಯ: ಗೋಡೆಯಲ್ಲಿ ಕರೆಂಟ್ ಬರುತ್ತಿರುವ ಬಗ್ಗೆ.

"ಅರ್ಜಿ ತೆಗೀರಿ."

ಹತ್ತೇ ನಿಮಿಷ. ಬೀರುವಿನ ತಳದ ಕಟ್ಟಿನಿಂದ ಅರ್ಜಿ ಹೊರಬಂತು. ಒಂದಲ್ಲ, ಒಂದರ ಬೆನ್ನಿಗೆ ಒಂದು ಹನ್ನೊಂದು. ಎರಡು ವರ್ಷದ ಅರ್ಜಿಗಳು. ಎಲ್ಲದರಲ್ಲೂ ಒಂದೇ ಹೆಸರು, ಒಂದೇ ವಿಷಯ.

"ಇಷ್ಟು ದಿನ ಇದನ್ನ ಯಾಕೆ ತೆಗೀಲಿಲ್ಲ?"

"ಯಾರೂ ಕೇಳಿರ್ಲಿಲ್ಲ ಮೇಡಂ."

"ಹನ್ನೊಂದು ಸಲ ಕೇಳಿದಾರಲ್ರೀ."

ರಾಜೇಂದ್ರ ಕನ್ನಡಕ ಒರೆಸಿಕೊಂಡ. "ಕೇಳವ್ರೆ... ನಿಮ್ಮ ಥರ ಕೇಳಿರ್ಲಿಲ್ಲ."

ಬುಧವಾರ ಬೆಳಿಗ್ಗೆ 9.15ಕ್ಕೆ ರಂಜಿನಿ, ಮುತ್ತಮ್ಮ ಒಂಬತ್ತನೇ ಮನೆಯ ಮುಂದೆ ನಿಂತಾಗ ಚಿನ್ನಮ್ಮ ಅಕ್ಕಿ ಆರಿಸುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು, ಅಷ್ಟೆ. ಎದ್ದು ನಿಲ್ಲಲಿಲ್ಲ.

"ನೋಟೀಸು ಬರೆದೋರು ಯಾರು?"

"ನಾನೇ."

"ಅಂಟಿಸಿದ್ದು?"

"ನಾನೇ. ಗಂಜಿ ಕಾಯಿಸಿದ್ದೂ ನಾನೇ."

"ಜೊತೇಲಿ ಯಾರಿದ್ರು?"

"ಈ ಎರಡು ಕೈ."

"ಸೀಲಲ್ಲಿ ನಿಮ್ಮ ಅರ್ಜಿ ನಂಬರ್ ಹಂಗೇ ಉಳಿದಿದೆ. ಅಳಿಸಬೇಕು ಅನ್ನಿಸಲಿಲ್ವಾ?"

"ಅಳ್ಸಿ ನೋಡ್ದೆ ಮೇಡಮ್ಮ. ಬರೀ ಸೀಲು ಬೋಳುಬೋಳಾಗಿ ಕಾಣ್ತಿತ್ತು. ನಂಬರ್ ಇಲ್ದಿದ್ರೆ ಸರ್ಕಾರದ್ದು ಅನ್ಸಾಕಿಲ್ಲ."

"ಇದು ಅಪರಾಧ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಸೀಲು ಸುಳ್ಳು, ಒಪ್ಕತ್ತೀನಿ. ಬರ್ದಿರೋದ್ರಾಗೆ ಒಂದು ಮಾತು ಸುಳ್ಳಿದ್ರೆ ತೋರ್ಸಿ."

ಚಿನ್ನಮ್ಮ ಪಕ್ಕದ ಬೀಗ ಹಾಕಿದ ಬಾಗಿಲ ಕಡೆ ಕೈ ತೋರಿಸಿದಳು.

"ಎಂಟನೇ ಮನೆ ಅರ್ಪಿತ. ಹೋದ್ ವರ್ಷ ಆರು ತಿಂಗಳ ಬಸುರೀಲಿ ಬಚ್ಚಲ ಗೋಡೆ ಮುಟ್ಟಿದ್ಲು, ಕರೆಂಟು ಎತ್ತಿ ಎಸೀತು. ನಾನೇ ಚಾಪೆ ಆಕಿ ಎಳ್ದಿದ್ದು. ಪುಣ್ಯ, ಇಬ್ರೂ ಉಳುದ್ರು. ಹೆರಿಗೆಗೆ ಸೋಮನಾಥಪುರಕ್ಕೆ, ತವರಿಗೆ ಹೋದೋಳು ಹೆದ್ರಿಕೊಂಡು ಅಲ್ಲೇ ಅವ್ಳೆ. ಈಗ ಕೆಲ್ಸಕ್ಕೆ ಕರೀತಾವ್ರಂತೆ. ಬರೋ ಸೋಮವಾರ ಬತ್ತಾಳೆ, ಏಳು ತಿಂಗಳ ಕೂಸು ಎತ್ಕಂಡು. ಅಂಬೆಗಾಲು ಇಕ್ತಾ ಅದೆ ಅದು. ನಾವೇನೋ ಚಪ್ಪಲಿ ಆಕ್ಕಂಡು ಬಾಳಾಟ ಮಾಡ್ತೀವಿ. ಅಂಬೆಗಾಲಿಕ್ಕೋ ಕೂಸಿನ ಅಂಗೈಗೆ ಯಾವ ಅಂಗಡೀಲಿ ಚಪ್ಪಲಿ ಸಿಕ್ತದೆ, ಯೋಳಿ ಮೇಡಮ್ಮ?"

ಚಿನ್ನಮ್ಮ ಮೊರ ಪಕ್ಕಕ್ಕೆ ಸರಿಸಿ ಎದ್ದಳು.

"ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು. ಒಂದು ನರಪಿಳ್ಳೆ ಬಂದು ನೋಡ್ಲಿಲ್ಲ. ಸುಳ್ಳು ನೋಟೀಸು ಅಂಟ್ಸಿದ್ ದಿನಾನೇ ಪೊಲೀಸ್ ಬಂದ್ರು, ಲೈನ್‌ಮನ್ ಬಂದ, ವಿಡಿಯೋನೂ ಆಯ್ತು. ಈಗ ಎಲ್ಲಿಗೆ ಕರೀತೀರೋ ಕರೀರಿ, ಬತ್ತೀನಿ."

ಠಾಣೆಯಲ್ಲಿ 10.30ಕ್ಕೆ ಬಂಧನದ ಪತ್ರ ಬರೆಯುವಾಗ ರಂಜಿನಿ ಕೇಳಿದರು, "ನಿಮ್ಮನ್ನ ಅರೆಸ್ಟ್ ಮಾಡಿರೋದು ಯಾರಿಗೆ ತಿಳಿಸಬೇಕು?"

"ನಂಜೇಶಪ್ಪಂಗೆ."

"ಅದು ಬಂಧುಗಳಿಗೆ, ಬೇಕಾದವರಿಗೆ ಚಿನ್ನಮ್ಮ."

"ಹಂಗಾದ್ರೆ ಅರ್ಪಿತಂಗೆ. ವೈರು ಹೊಸದಾಗೋಗಂಟ ಕಾಲಿಡಬ್ಯಾಡ ಅನ್ನಿ."

ನಂಜೇಶ್ ಗೆಲುವಾಗಿಯೇ ಬಂದರು. "ಕಳ್ಳಿ ಸಿಕ್ಕಿದ್ಲಲ್ಲ ಮೇಡಂ, ಇನ್ನು ಕರೆಂಟ್ ಕೊಡ್ಸಿ. ಆಮೇಲೆ ಆಕೇನ ಮನೆ ಖಾಲಿ ಮಾಡುಸ್ತೀನಿ."

ರಂಜಿನಿ ಎರಡು ಕಾಗದ ಮುಂದಿಟ್ಟರು. ಒಂದು, ಜನರ ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯದ ಬಗ್ಗೆ ತಾವೇ ದೂರುದಾರರಾಗಿ ದಾಖಲಿಸಿದ್ದ ಎರಡನೇ ಎಫ್‌ಐಆರ್. ಇನ್ನೊಂದು, ಪಂಚಾಯಿತಿಯ ಅಸಲಿ ನೋಟೀಸು. ಪಂಚನಾಮೆಯ ಪ್ರತಿ ಕೈಗೆ ಬಂದ ಮೇಲೆ ಮುಖ್ಯಾಧಿಕಾರಿಗಳು ರಾತ್ರೋರಾತ್ರಿ ಕಳಿಸಿದ್ದರು. ಹೊಸದಾಗಿ ಬರೆಯಲು ಪುರುಸೊತ್ತಿಲ್ಲದೆ ಚಿನ್ನಮ್ಮನ ಒಕ್ಕಣೆಯನ್ನೇ ಇದ್ದ ಹಾಗೆ ನಕಲು ಮಾಡಿಸಿದ್ದರು. ಬಾಡಿಗೆದಾರರನ್ನು ಎಬ್ಬಿಸಬಾರದೆಂಬ ಕೊನೆಯ ಸಾಲೂ ಅದರಲ್ಲಿ ಹಾಗೇ ಇತ್ತು.

ನಂಜೇಶ್ ಓದಿ, ತಿರುಗಿಸಿ, ಮತ್ತೆ ಓದಿದರು. "ಇದೂ ಅವಳೇ ಬರ್ದಿದ್ದಾ?"

"ಸೀಲು ನೋಡ್ಕಳಿ ಸಾ, ಈ ಸಲ ಸರಿಯಾಗದೆ" ಎಂದರು ಚಿಕ್ಕಮಾದು.

ನ್ಯಾಯಾಲಯಕ್ಕೆ ಸಲ್ಲಿಸುವ ವರದಿಯಲ್ಲಿ ಅಪರಾಧದ ಉದ್ದೇಶ ಬರೆಯುವಲ್ಲಿಗೆ ಬಂದಾಗ ರಂಜಿನಿ ಹೀಗೆ ಬರೆದರು: "ಹನ್ನೊಂದು ಅರ್ಜಿಗಳಿಗೆ ಉತ್ತರ ಬಾರದ ಕಾರಣ, ಆರೋಪಿಯು ಉತ್ತರವನ್ನು ತಾವೇ ಬರೆದುಕೊಂಡಿರುತ್ತಾರೆ." ಹನ್ನೊಂದೂ ಅರ್ಜಿಗಳ ಪ್ರತಿಯನ್ನು ಲಗತ್ತಿಸಿದರು.

ಮಧ್ಯಾಹ್ನ 2.50. ಚಿನ್ನಮ್ಮನನ್ನು ನಂಜನಗೂಡಿನ ನ್ಯಾಯಾಲಯಕ್ಕೆ ಕರೆದೊಯ್ಯುತ್ತಿದ್ದ ಜೀಪು ಬಸ್ ನಿಲ್ದಾಣದ ಹಿಂದಿನ ರಸ್ತೆಗೆ ತಿರುಗಿತು. ವಠಾರದ ಮುಂದೆ ವೈರಿನ ಸುರುಳಿಗಳು ಬಿದ್ದಿದ್ದವು. ಎಲೆಕ್ಟ್ರಿಷಿಯನ್ ಒಬ್ಬ ಬೀದಿ ಕಡೆಯ ಗೋಡೆಗೆ ಏಣಿ ಒರಗಿಸಿ, ಹೊರಗಿನ ದೀಪದ ವೈರು ಎಳೆಯುತ್ತಿದ್ದ.

"ನಿಲ್ಸಿ ಒಂಚೂರು" ಎಂದಳು ಚಿನ್ನಮ್ಮ. ಡ್ರೈವರು ರಂಜಿನಿಯವರ ಮುಖ ನೋಡಿದ. ಅವರು ಬೇಡ ಎನ್ನಲಿಲ್ಲ.

ಚಿನ್ನಮ್ಮ ಅರ್ಧ ಮೈ ಹೊರಗೆ ಚಾಚಿದಳು. "ಲೋ! ಬೀದಿಗ್ ಕಾಣೋದನ್ನ ಆಮ್ಯಾಕೆ ಮಾಡ್ಲಾ! ಎಂಟನೇ ಮನೆ ಬಚ್ಚಲದು ಮೊದ್ಲು!"

ಏಣಿಯ ಮೇಲಿದ್ದವನು ಜೀಪನ್ನು ನೋಡಿದ, ಪೊಲೀಸರನ್ನು ನೋಡಿದ, ಮಧ್ಯದಲ್ಲಿ ಕೂತಿದ್ದ ಹೆಂಗಸನ್ನು ನೋಡಿದ. ಇಳಿದು, ಏಣಿಯನ್ನು ಹೆಗಲಿಗೇರಿಸಿಕೊಂಡು, ವಠಾರದ ಒಳಕ್ಕೆ ನಡೆದ.